ಸದ್ದು ಬಾರದ ಕೋಣೆ

ಗೋಡೆಗೂ ಕಿವಿಯುಂಟು ಎಂಬುದು ನಮ್ಮ ಹಿರಿಯರ ಮಾತು. ಗುಟ್ಟನ್ನು ಮೆಲ್ಲಗೆ ಆಡಬೇಕೆಂಬ ಎಚ್ಚರಿಕೆಗಾಗಿ ಅವರು ಹಾಗೆ ಹೇಳಿದರು. ಆದರೆ ಇಂದು ಪೇಟೆಯಲ್ಲಿ ವಾಸಮಾಡುವವರಿಗೆ ಗೋಡೆಯ ಕಿವಿಗಿಂತ ಅದರ ಬಾಯಿಯೇ ಹೆಚ್ಚು ತೊಂದರೆ ಕೊಡುತ್ತದೆ. ಪಕ್ಕದ ಮನೆಯ ಟೆಲಿವಿಷನ್ನಿನ ಮಾತು, ಎದುರು ಮನೆಯ ಮಿಕ್ಸಿಯ ಅರಚು, ಬೀದಿಯ ಕೊನೆಯ ಕಲ್ಯಾಣಮಂಟಪದ ಧ್ವನಿವರ್ಧಕ, ಇವೆಲ್ಲ ನಮ್ಮ ಅಪ್ಪಣೆ ಬೇಡದೆ ಒಳಕ್ಕೆ ಬರುತ್ತವೆ. ಕಣ್ಣಿಗಾದರೆ ರೆಪ್ಪೆಯುಂಟು, ಬೇಡವಾದುದನ್ನು ನೋಡದೆ ಇರಬಹುದು. ಕಿವಿಗೆ ಆ ಅನುಕೂಲವಿಲ್ಲ. ನಿದ್ರೆಯಲ್ಲಿಯೂ ಅದು ತೆರೆದೇ ಇರುತ್ತದೆ.

ಹೊರಗಿನ ಸದ್ದು ಬಾರದಂತೆ ಮನೆಯ ಒಂದು ಕೋಣೆಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಕಳೆದ ವರ್ಷ ಈ ವಿಷಯಕ್ಕೆ ತಲೆ ಕೊಡಬೇಕಾದ ಪ್ರಸಂಗ ನಮ್ಮ ಮನೆಯಲ್ಲಿಯೇ ಒದಗಿತು. ನಮ್ಮ ತಂದೆಯವರಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ಊರೆಲ್ಲ ಏಳುವ ಹೊತ್ತಿಗೆ ಅವರು ಮನೆಗೆ ಬಂದು ಮಲಗಬೇಕು. ನಮ್ಮ ಮನೆಗೂ ಪಕ್ಕದ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದು ಕಿರಿದಾದ ಸಂದಿ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಗಿರಣಿ ಆರಂಭವಾದರೆ ತಂದೆಯವರ ನಿದ್ರೆ ಮುಗಿದಂತೆಯೇ. ಒಂದು ದಿನ ಅವರು ಕೆಲಸದಿಂದ ಹಿಂದಿರುಗುವಾಗ ಸೈಕಲ್ಲಿನ ಮೇಲೆಯೇ ತೂಕಡಿಸಿ, ಚರಂಡಿಗೆ ಬಿದ್ದು, ಮೊಣಕೈ ತರಚಿಕೊಂಡು ಮನೆಗೆ ಬಂದರು. ಅಂದಿನಿಂದ ಆ ಕೋಣೆಯ ಸದ್ದನ್ನು ಹೇಗಾದರೂ ನಿಲ್ಲಿಸಬೇಕೆಂಬ ಹಟ ನನಗೆ ಹಿಡಿಯಿತು.

ಮೊದಲು ನಾನು ಮಾಡಿದ ಉಪಾಯ ಬಹುಮಂದಿ ಮಾಡುವಂಥದೇ. ಅಂಗಡಿಯಿಂದ ಮೊಟ್ಟೆಯ ಕಾಗದದ ತಟ್ಟೆಗಳನ್ನು ಬೇಡಿ ತಂದು ಗಿರಣಿಯ ಕಡೆಯ ಗೋಡೆಗೆಲ್ಲ ಅಂಟಿಸಿದೆ. ಕೋಣೆಯ ಒಳಗೆ ಮಾತನಾಡಿದರೆ ಧ್ವನಿ ಸ್ವಲ್ಪ ಮೆತ್ತಗಾದಂತೆ ತೋರಿತು. ನನಗೆ ಹಿಗ್ಗೋ ಹಿಗ್ಗು. ಆದರೆ ಒಂಬತ್ತು ಗಂಟೆಗೆ ಗಿರಣಿ ಹೊರಟಾಗ ಅದರ ಸದ್ದು ಎಂದಿನಂತೆಯೇ ಒಳಗೆ ತುಂಬಿತು. ಗೋಡೆ ವಿಕಾರವಾದುದಷ್ಟೇ ಲಾಭ.

ಏಕೆ ಹೀಗಾಯಿತು? ಇಲ್ಲಿಯೇ ಈ ವಿಷಯದ ಮುಖ್ಯವಾದ ಗಂಟು ಇದೆ. ಕೋಣೆಯ ಒಳಗಿನ ಸದ್ದನ್ನು ಹೀರಿಕೊಳ್ಳುವುದು ಒಂದು ಕೆಲಸ. ಹೊರಗಿನ ಸದ್ದನ್ನು ತಡೆಯುವುದು ಬೇರೊಂದು ಕೆಲಸ. ನಾವು ಇವೆರಡನ್ನೂ ಒಂದೆಂದು ತಿಳಿದು ಮೋಸಹೋಗುತ್ತೇವೆ.

ಹೀರಿಕೊಳ್ಳುವ ವಿಷಯವನ್ನು ಮೊದಲು ನೋಡೋಣ. ವಿಜಯಪುರದ ಗೋಳಗುಮ್ಮಟವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಲ್ಲಿನ ಮೊಗಸಾಲೆಯಲ್ಲಿ ನಿಂತು ಒಮ್ಮೆ ಕೂಗಿದರೆ ಅದು ಏಳು ಬಾರಿಗೂ ಮೀರಿ ಮರುದನಿಗೊಡುತ್ತದೆಂದು ಪ್ರಸಿದ್ಧಿ. ಗಟ್ಟಿಯಾದ, ನುಣುಪಾದ ಗೋಡೆ ಸದ್ದನ್ನು ನುಂಗದೆ ಹಿಂದಕ್ಕೆ ಎಸೆಯುವುದೇ ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾದ ಗುಣ ಹತ್ತಿ, ಕಂಬಳಿ, ನಾರು ಮೊದಲಾದುವುಗಳದು. ಗಾಳಿಯ ಅಲೆಗಳು ಇವುಗಳ ಸಣ್ಣ ಸಣ್ಣ ಎಡೆಗಳಲ್ಲಿ ಹೊಕ್ಕು, ಉಜ್ಜಾಡಿ, ಶಕ್ತಿಗುಂದುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1895ರಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಭವನವೊಂದರಲ್ಲಿ ಅಧ್ಯಾಪಕರ ಮಾತೇ ತಿಳಿಯುತ್ತಿರಲಿಲ್ಲ. ಆಡಿದ ಒಂದು ಶಬ್ದ ಐದು ಸೆಕೆಂಡಿಗೂ ಹೆಚ್ಚುಕಾಲ ಅಲ್ಲಿಯೇ ಸುಳಿದಾಡುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರಿಗೆ ಇದನ್ನು ಸರಿಪಡಿಸುವ ಹೊಣೆ ಬಂದಿತು. ಅವರು ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತರಿಸಿ, ಒಂದೊಂದಾಗಿ ಭವನದಲ್ಲಿ ಇರಿಸುತ್ತ, ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ, ಅದರ ದನಿ ಎಷ್ಟು ಹೊತ್ತು ಉಳಿಯುತ್ತದೆಂದು ಗಡಿಯಾರ ಹಿಡಿದು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಅನುರಣನದ ಕಾಲ ತಗ್ಗಿತು. ಈ ಅಳತೆಗಳಿಂದ ಅವರು ಪಡೆದ ಸೂತ್ರವನ್ನು 1900ರಲ್ಲಿ ತೆರೆದ ಬಾಸ್ಟನ್ ನಗರದ ಸಂಗೀತ ಭವನಕ್ಕೆ ಅನ್ವಯಿಸಲಾಯಿತು. ಇಂದಿಗೂ ಅದು ಬಳಕೆಯಲ್ಲಿದೆ.

ಆದರೆ ಒಂದನ್ನು ಗಮನಿಸಬೇಕು. ಆ ಮೆತ್ತೆಗಳು ಒಳಗೆ ಆಡಿದ ಮಾತಿನ ಮೊಳಗನ್ನು ನಿಲ್ಲಿಸಿದುವೇ ಹೊರತು ಹೊರಗಿನ ಬೀದಿಯ ಸದ್ದನ್ನು ತಡೆಯಲು ತಂದವುಗಳಲ್ಲ. ವೀಣೆ ನುಡಿಸುವವರಿಗೆ, ಧ್ವನಿಮುದ್ರಣ ಮಾಡುವವರಿಗೆ ಮೆತ್ತೆಯೂ ಪರದೆಯೂ ಬಹಳ ಉಪಯುಕ್ತ. ಗಿರಣಿಯ ನೆರೆಯಲ್ಲಿ ನಿದ್ರೆ ಬೇಕಾದವರಿಗೆ ಅವುಗಳಿಂದ ಅಷ್ಟು ಪ್ರಯೋಜನವಿಲ್ಲ. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ ಒಂದು ಚದರ ಮೀಟರಿಗೆ ಸುಮಾರು 400 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಜಾಗಕ್ಕೆ ನಾನು ಅಂಟಿಸಿದ ಮೊಟ್ಟೆಯ ತಟ್ಟೆಗಳ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಆನೆಯಿಂದ ನಿಲ್ಲದ ಪ್ರವಾಹಕ್ಕೆ ಆಡಿನ ಮರಿಯನ್ನು ಅಡ್ಡ ನಿಲ್ಲಿಸಿದಂತಾಯಿತು.

ಈ ಕೆಲಸದಲ್ಲಿ ಸೋತವನು ನಾನೊಬ್ಬನೇ ಅಲ್ಲವೆಂಬುದು ಆಮೇಲೆ ತಿಳಿದು ಸಮಾಧಾನವಾಯಿತು. ಇಂಗ್ಲಿಷ್ ಸಾಹಿತ್ಯವನ್ನು ಓದುವ ಮಿತ್ರರಿಗೆ ಥಾಮಸ್ ಕಾರ್ಲೈಲನ ಹೆಸರು ಹೊಸದಲ್ಲ. ಲಂಡನ್ನಿನ ಚೆಲ್ಸಿಯಲ್ಲಿದ್ದ ಅವನ ಮನೆಯ ನೆರೆಯಲ್ಲಿ ಕೋಳಿಗಳ ಕೂಗು ಒಂದು ಕಡೆ, ಪಿಯಾನೋ ವಾದನ ಮತ್ತೊಂದು ಕಡೆ. ಬೇಸತ್ತ ಕಾರ್ಲೈಲ್ 1853ರಲ್ಲಿ ಮನೆಯ ನೆತ್ತಿಯ ಮೇಲೆ ಎರಡು ಪದರದ ಗೋಡೆಗಳಿಂದ ನಿಶ್ಶಬ್ದ ಕೋಣೆಯೊಂದನ್ನು ಕಟ್ಟಿಸತೊಡಗಿದನು. ಬೆಳಕಿಗಾಗಿ ಚಾವಣಿಯಲ್ಲಿ ಗಾಜಿನ ಕಿಂಡಿ. ಕೋಣೆ ಸಿದ್ಧವಾದ ಮೇಲೆ ನೆರೆಯ ಗಲಾಟೆ ಒಂದಿಷ್ಟು ತಗ್ಗಿತು. ಆದರೆ ಅದುವರೆಗೆ ಕೇಳದಿದ್ದ ದೂರದ ಸದ್ದುಗಳು ಕೇಳತೊಡಗಿದುವು. ಫ್ರೆಡರಿಕ್ ದೊರೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಅವನು ಅಲ್ಲಿಯೇ ಗೊಣಗುತ್ತ ಬರೆದು ಮುಗಿಸಬೇಕಾಯಿತು. ಗೋಡೆಯನ್ನು ಇಮ್ಮಡಿ ಮಾಡಿ ತಲೆಯ ಮೇಲೆ ಗಾಜನ್ನು ಇಟ್ಟುಕೊಂಡದ್ದು, ಕೋಟೆ ಕಟ್ಟಿಸಿ ದಿಡ್ಡಿಬಾಗಿಲನ್ನು ತೆರೆದಿಟ್ಟಂತೆ.

ದಿಡ್ಡಿಬಾಗಿಲಿನ ಈ ಮಾತನ್ನು ನನಗೆ ಕಲಿಸಿದವರು ಗ್ರಂಥಕರ್ತರಲ್ಲ, ನಮ್ಮ ಬೀದಿಯ ಬಡಗಿ ಆಚಾರ್ಯರು. ಮೊಟ್ಟೆಯ ತಟ್ಟೆಗಳನ್ನು ಕಂಡು ಅವರು ನಕ್ಕು, "ಗಾಳಿ ಬರೋ ದಾರೀಲೇ ಸದ್ದೂ ಬರೋದು ತಮ್ಮಾ. ಮೊದಲು ಸಂದಿ ನೋಡು, ಆಮೇಲೆ ಗೋಡೆ ನೋಡು" ಎಂದರು. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಟಾರ್ಚು ಬಿಟ್ಟು, ಬೆಳಕು ಎಲ್ಲೆಲ್ಲಿ ಒಳಗೆ ನುಸುಳುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕಿಸಿದರು. ಬಾಗಿಲಿನ ಕೆಳಗೆ, ಕಿಟಕಿಯ ರೆಕ್ಕೆಗಳು ಕೂಡುವಲ್ಲಿ, ಚೌಕಟ್ಟಿಗೂ ಗೋಡೆಗೂ ನಡುವೆ, ವಿದ್ಯುತ್ ತಂತಿಯ ಕೊಳವೆ ಗೋಡೆ ಹೊಕ್ಕ ಕಡೆ, ಹೀಗೆ ಗುರುತು ಹನ್ನೊಂದಾಯಿತು. ಕಿಟಕಿಯ ಮೇಲಿನ ಗವಾಕ್ಷಿಯನ್ನಂತೂ ಗುರುತಿಸಬೇಕಾಗಿಯೇ ಇರಲಿಲ್ಲ.

ಸಂದಿಗೆ ಇಷ್ಟು ಮಹತ್ವವೇಕೆ ಎಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಪಿಸುಮಾತು ಸುಮಾರು 30, ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಈ ಮಾನದಲ್ಲಿ 10 ಇಳಿದರೆ ಸದ್ದಿನ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. 20 ಇಳಿದರೆ ನೂರರಲ್ಲೊಂದು, 30 ಇಳಿದರೆ ಸಾವಿರದಲ್ಲೊಂದು. ನಮ್ಮ ಕಿವಿಗಾದರೋ 10 ಡೆಸಿಬೆಲ್ ಇಳಿದರೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಎಂದರೆ, ತನಗೆ ತಾಗಿದ ಶಕ್ತಿಯಲ್ಲಿ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಗೋಡೆಯ ಅಳತೆ ಮೂರು ಮೀಟರಿಗೆ ಮೂರು ಮೀಟರ್ ಇರಲಿ. ಅದು 90,000 ಚದರ ಸೆಂಟಿಮೀಟರ್ ಆಯಿತು. ಅದರಲ್ಲಿರುವ ಬಾಗಿಲು 90 ಸೆಂಟಿಮೀಟರ್ ಅಗಲವಾಗಿದ್ದು, ಕೆಳಗೆ ಒಂದೇ ಒಂದು ಸೆಂಟಿಮೀಟರ್ ಸಂದಿಯಿದ್ದರೆ, ಆ ಸಂದಿಯ ವಿಸ್ತಾರ 90 ಚದರ ಸೆಂಟಿಮೀಟರ್. ಇದು ಗೋಡೆಯ ಸಾವಿರದಲ್ಲಿ ಒಂದು ಪಾಲು. ಆದರೆ ಸಂದಿಗೆ ತಾಗಿದ ಸದ್ದೆಲ್ಲವೂ ಒಳಕ್ಕೆ ಬರುತ್ತದೆ. ಆದುದರಿಂದ ಇಡೀ ಗೋಡೆಯ ಮೂಲಕ ಲಕ್ಷದಲ್ಲಿ ಒಂದು ಪಾಲು ಬಂದರೆ, ಈ ಬೆರಳಗಲದ ಸಂದಿಯಿಂದ ಸಾವಿರದಲ್ಲಿ ಒಂದು ಪಾಲು, ಅಂದರೆ ಗೋಡೆಯಿಂದ ಬರುವುದರ ನೂರು ಪಟ್ಟು ಸದ್ದು ಬರುತ್ತದೆ! ಐವತ್ತು ಡೆಸಿಬೆಲ್ ತಡೆಯಬಲ್ಲ ಗೋಡೆ ಮೂವತ್ತಕ್ಕೆ ಇಳಿಯಿತು. ಇನ್ನು ಒಂದಡಿ ಎತ್ತರ, ಎರಡಡಿ ಅಗಲದ ತೆರೆದ ಗವಾಕ್ಷಿಯಿದ್ದರೆ, ಮಿಕ್ಕ ಗೋಡೆಯನ್ನು ಕಲ್ಲಿನಿಂದ ಕಟ್ಟಿದರೂ ವ್ಯರ್ಥ.

ಹೆಂಚಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ನಡುಗೋಡೆಗಳು ಅನೇಕ ವೇಳೆ ಸೂರಿನವರೆಗೆ ಹೋಗುವುದೇ ಇಲ್ಲ. ತೊಲೆಯ ಮಟ್ಟಕ್ಕೆ ನಿಂತುಬಿಡುತ್ತವೆ. ಅಡುಗೆಮನೆಯ ಮಾತು ಗೋಡೆಯ ಮೇಲಿನಿಂದ ಹಾರಿ ಓದುವ ಕೋಣೆಗೆ ಬರುತ್ತದೆ. ಹಲಗೆಯ ಅಟ್ಟವನ್ನಾದರೂ ಬಿಗಿಯಾಗಿ ಹಾಕಿಸದೆ ಅಂಥ ಕೋಣೆಯಲ್ಲಿ ಏನು ಮಾಡಿದರೂ ಫಲ ಅಲ್ಪ. ಹಳೆಯ ಮನೆಗಳದೊಂದು ಗುಣವನ್ನೂ ಇಲ್ಲಿ ಹೇಳಬೇಕು. ಅವುಗಳ ಬಾಗಿಲುಗಳಿಗೆ ಹೊಸ್ತಿಲಿತ್ತು. ಮುಚ್ಚಿದರೆ ಕದ ಹೊಸ್ತಿಲಿಗೆ ತಾಗಿ ಕೂರುತ್ತಿತ್ತು. ಈಗಿನ ಒಳಕೋಣೆಗಳಿಗೆ ಹೊಸ್ತಿಲಿಡುವ ವಾಡಿಕೆ ತಪ್ಪಿದೆ. ಆಚಾರ್ಯರು ನಮ್ಮ ಕೋಣೆಗೆ ತೆಳುವಾದ ಹೊಸ್ತಿಲನ್ನು ಕೂಡಿಸಿ, ಕದದ ಸುತ್ತ ರಬ್ಬರಿನ ಪಟ್ಟಿ ಹೊಡೆದರು. ಚೌಕಟ್ಟಿನ ಬಿರುಕುಗಳಿಗೆ ಗಾರೆ ತುಂಬಿದರು. ಆ ಸಂಜೆಯೇ ವ್ಯತ್ಯಾಸ ಕಂಡುಬಂದಿತು.

ಎರಡನೆಯ ನಿಯಮ ತೂಕದ್ದು. ಸದ್ದು ಎಂದರೆ ಗಾಳಿಯ ನಡುಕ. ಅದು ಗೋಡೆಯನ್ನು ತಳ್ಳಿ ನಡುಗಿಸುತ್ತದೆ. ನಡುಗಿದ ಗೋಡೆ ಒಳಗಿನ ಗಾಳಿಯನ್ನು ನಡುಗಿಸುತ್ತದೆ. ಭಾರವಾದುದನ್ನು ಅಲುಗಿಸುವುದು ಕಷ್ಟ. ಆದ್ದರಿಂದ ಭಾರವಾದ ತಡೆಯೇ ಒಳ್ಳೆಯ ತಡೆ. ಕೀರಲು ದನಿಗಿಂತ ದಪ್ಪ ದನಿ ಗೋಡೆಯನ್ನು ಸುಲಭವಾಗಿ ಅಲುಗಿಸುತ್ತದೆ. ದೂರದ ಮದುವೆಮನೆಯ ಹಾಡಿನ ಮಾತು ನಮಗೆ ಕೇಳದೆ ಡೋಲಿನ ಡಬ್ ಡಬ್ ಮಾತ್ರ ಕೇಳುವುದು ಇದರಿಂದಲೇ. ಆದರೆ ತೂಕವನ್ನು ಹೇರುತ್ತ ಹೋಗುವುದಕ್ಕೂ ಒಂದು ಮಿತಿಯುಂಟು. ಗೋಡೆಯ ತೂಕವನ್ನು ಇಮ್ಮಡಿಗೊಳಿಸಿದರೆ ಹೆಚ್ಚುವ ತಡೆ ಐದಾರು ಡೆಸಿಬೆಲ್ ಮಾತ್ರ. ಒಂಬತ್ತು ಅಂಗುಲದ ಗೋಡೆಯನ್ನು ಹದಿನೆಂಟು ಅಂಗುಲ ಮಾಡುವ ಖರ್ಚನ್ನು ನೆನೆದರೆ ಇದು ನಷ್ಟದ ವ್ಯಾಪಾರ. ಹಣವಿದ್ದಷ್ಟೂ ಅದನ್ನು ಅತ್ಯಂತ ದುರ್ಬಲವಾದ ಕಡೆಗೆ, ಎಂದರೆ ಬಾಗಿಲಿಗೂ ಕಿಟಕಿಗೂ ವೆಚ್ಚಮಾಡುವುದು ಜಾಣತನ. ಒಳಗೆ ಪೊಳ್ಳಾದ ಹಗುರ ಕದದ ಬದಲು ಗಟ್ಟಿ ಮರದ ಕದವಿದ್ದರೆ ಬಹಳ ಅನುಕೂಲ.

ಮೂರನೆಯದು ಬೇರ್ಪಡಿಸುವ ನಿಯಮ. ಬಾಲ್ಯದಲ್ಲಿ ನಾವೆಲ್ಲ ಎರಡು ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ಟೆಲಿಫೋನು ಆಡಿದ್ದೇವೆ. ದಾರವನ್ನು ಎಳೆದು ಹಿಡಿದಾಗ ಮಾತು ಕೇಳುತ್ತದೆ. ಸಡಿಲ ಬಿಟ್ಟರೆ ನಿಲ್ಲುತ್ತದೆ. ಗಟ್ಟಿಯಾದ ಸಂಬಂಧವಿರುವಲ್ಲೆಲ್ಲ ನಡುಕ ಸಾಗುತ್ತದೆ. ಸಂಬಂಧ ಕಡಿದರೆ ಕುಗ್ಗುತ್ತದೆ. ಒಂದೇ ದಪ್ಪ ತಡೆಗಿಂತ, ಒಂದಕ್ಕೊಂದು ತಾಗದ ಎರಡು ತಡೆಗಳು ಅದೇ ತೂಕದಲ್ಲಿ ಹೆಚ್ಚು ಕೆಲಸ ಮಾಡುವುದು ಹೀಗೆ. ಹೊಸ ಗೋಡೆಯ ಪದರವನ್ನು ಎಬ್ಬಿಸುವವರು ಎರಡು ಪದರಗಳ ನಡುವಿನ ಎಡೆಯಲ್ಲಿ ಕಲ್ಲುನಾರಿನಂಥ ಸಡಿಲ ವಸ್ತುವನ್ನು ತುಂಬುತ್ತಾರೆ. ಹೀರುವ ವಸ್ತುವಿಗೆ ತಡೆಯುವ ಕೆಲಸದಲ್ಲಿ ಸಲ್ಲುವ ಸ್ಥಾನ ಅದು. ನಮಗೆ ಅಷ್ಟು ಶಕ್ತಿಯಿರಲಿಲ್ಲ. ಹಳೆಯ ಕಿಟಕಿಯನ್ನು ಹಾಗೆಯೇ ಬಿಟ್ಟು, ಅದರಿಂದ ಸುಮಾರು ಹತ್ತು ಸೆಂಟಿಮೀಟರ್ ಒಳಗೆ ಮತ್ತೊಂದು ಗಾಜಿನ ಕಿಟಕಿಯನ್ನು ಕೂರಿಸಿದೆವು. ಎರಡು ಗಾಜುಗಳೂ ಒಂದೇ ದಪ್ಪವಿರಬಾರದು. ಒಂದೇ ದಪ್ಪದ ಗಾಜುಗಳು ಒಂದೇ ಸ್ವರಕ್ಕೆ ಸೋಲುತ್ತವೆ; ಬೇರೆ ಬೇರೆ ದಪ್ಪವಿದ್ದರೆ ಒಂದು ಬಿಟ್ಟುದನ್ನು ಇನ್ನೊಂದು ಹಿಡಿಯುತ್ತದೆ.

ಇನ್ನು ಉಳಿದದ್ದು ಗವಾಕ್ಷಿ. ಸದ್ದು ಬಾರದಂತೆ ಎಲ್ಲವನ್ನೂ ಮುಚ್ಚಿದರೆ ಗಾಳಿಯೂ ಬರುವುದಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ಮಲಗುವುದು ಆರೋಗ್ಯಕ್ಕೆ ಹಾನಿಕರ. ಅಂಥಲ್ಲಿ ಕೆಂಡವನ್ನಿಡುವುದಂತೂ ಪ್ರಾಣಾಪಾಯ. ಇದಕ್ಕೆ ಆಚಾರ್ಯರು ಗವಾಕ್ಷಿಗೆ ಒಂದು ಮರದ ಪೆಟ್ಟಿಗೆಯನ್ನು ಜೋಡಿಸಿದರು. ಅದರೊಳಗೆ ಎಡಬಲದಿಂದ ಒಂದೊಂದು ಹಲಗೆಯನ್ನು ಅಡ್ಡಲಾಗಿ ಇರಿಸಿ, ಗಾಳಿ ಹಾವಿನಂತೆ ಬಳಸಿ ಬರುವ ಹಾಗೆ ಮಾಡಿ, ಒಳಮೈಗೆ ತೆಂಗಿನ ನಾರಿನ ಹಳೆಯ ಹಾಸನ್ನು ಹೊದಿಸಿದರು. ಗಾಳಿ ತಿರುಗಿ ತಿರುಗಿ ಒಳಗೆ ಬರುತ್ತದೆ. ಸದ್ದು ಪ್ರತಿ ತಿರುವಿನಲ್ಲಿಯೂ ನಾರಿಗೆ ಬಡಿದು ಸೊರಗುತ್ತದೆ. ಆದರೆ ನಾರು, ಕಾಗದ, ಸ್ಪಂಜುಗಳು ಬೇಗ ಹೊತ್ತಿಕೊಳ್ಳುವ ವಸ್ತುಗಳು. ಇವನ್ನು ದೀಪಕ್ಕೂ ವಿದ್ಯುತ್ ತಂತಿಗೂ ದೂರವಾಗಿಯೇ ಇಡಬೇಕು.

ಇಷ್ಟೆಲ್ಲ ಆಗಲು ಎರಡು ತಿಂಗಳು ಹಿಡಿಯಿತು. ತಂದೆಯವರು ಬೆಳಿಗ್ಗೆ ಮಲಗಿದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅವರ ಮುಖಕ್ಕೆ ಕಳೆ ಬಂದಿತು. ನಾನು ಬೀಗಿದೆ.

ಆಗ ನಡೆದ ಒಂದು ಘಟನೆಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ಒಂದು ಮಧ್ಯಾಹ್ನ ನಾನು ಕಾಲೇಜಿನಲ್ಲಿದ್ದೆ. ತಾಯಿಯವರು ಪೇಟೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಏಳಲಾರದೆ ಮಗನ ಹೆಸರು ಹಿಡಿದು ಕೂಗಿದರು. ಮಗ ಹತ್ತು ಹೆಜ್ಜೆ ದೂರದಲ್ಲಿಯೇ ಇದ್ದರು, ಅವರಿಗೆ ಕೇಳಿಸಲಿಲ್ಲ. ಊಟದ ಹೊತ್ತಾದುದರಿಂದ ಗಿರಣಿ ನಿಂತಿತ್ತು. ಆ ಕೂಗನ್ನು ಕೇಳಿ ಓಡಿ ಬಂದು, ಕದ ತಟ್ಟಿ ತಂದೆಯವರನ್ನು ಎಬ್ಬಿಸಿ, ಅಜ್ಜಿಯನ್ನು ಎತ್ತಿ ಕೂರಿಸಿದವರು ಗಿರಣಿಯ ಯಜಮಾನರೇ! ದೇವರ ದಯದಿಂದ ಮೂಳೆ ಮುರಿದಿರಲಿಲ್ಲ. ಆದರೆ ಅಂದು ರಾತ್ರಿ ತಂದೆಯವರು ಕೆಲಸಕ್ಕೆ ಹೊರಡುವಾಗ, "ಅಮ್ಮನ ಕೂಗೂ ಕೇಳದ ನಿದ್ದೆ ನನಗೆ ಬೇಡ ಕಣೋ" ಎಂದರು. ನನಗೆ ಉತ್ತರ ತೋಚಲಿಲ್ಲ.

ಮರುದಿನವೇ ಬಚ್ಚಲಿನಲ್ಲಿಯೂ ಅಜ್ಜಿಯ ಮಂಚದ ಬಳಿಯೂ ಒಂದೊಂದು ಗುಂಡಿಯನ್ನು ಇರಿಸಿ, ತಂದೆಯವರ ತಲೆದೆಸೆಯಲ್ಲಿ ವಿದ್ಯುತ್ ಗಂಟೆಯನ್ನು ಕಟ್ಟಿಸಿದೆವು. ಸದ್ದು ಬಾರದ ಕೋಣೆಯನ್ನು ಮಾಡುವವರು, ಬರಲೇಬೇಕಾದ ಸದ್ದಿಗೆ ಒಂದು ದಾರಿಯನ್ನು ಮೊದಲೇ ಇಟ್ಟುಕೊಳ್ಳಬೇಕೆಂಬುದು ನಾನು ತಡವಾಗಿ ಕಲಿತ ನಾಲ್ಕನೆಯ ನಿಯಮ.

ಯಜಮಾನರಿಗೆ ಕೃತಜ್ಞತೆ ಹೇಳಲು ಹೋದಾಗ ಮಾತು ಗಿರಣಿಯ ಕಡೆಗೆ ತಿರುಗಿತು. ತಂದೆಯವರು ಹಗಲು ಮಲಗುವರೆಂಬುದೇ ಅವರಿಗೆ ತಿಳಿದಿರಲಿಲ್ಲ. "ಮೊದಲೇ ಹೇಳಬಾರದಾಗಿತ್ತೆ?" ಎಂದರು. ಯಂತ್ರದ ನಡುಕ ನೆಲದ ಮೂಲಕವೂ ನಮ್ಮ ಮನೆಗೆ ಬರುತ್ತಿತ್ತು. ಮಂಚದ ಕಾಲಿಗೆ ಕಿವಿಯಿಟ್ಟರೆ ಗುಂಯ್ ಎನ್ನುತ್ತಿತ್ತು. ಇದನ್ನು ನಮ್ಮ ಕೋಣೆಯೊಳಗೆ ತಡೆಯುವುದು ಬಹು ಕಷ್ಟ, ಅವರ ಯಂತ್ರದ ಬುಡದಲ್ಲಿ ತಡೆಯುವುದು ಸುಲಭ. ಅವರು ಯಂತ್ರದ ಕಾಲುಗಳ ಕೆಳಗೆ ದಪ್ಪ ರಬ್ಬರಿನ ಮೆತ್ತೆಗಳನ್ನು ಹಾಕಿಸಿದರು. ನಮ್ಮ ಕಡೆಯ ಕಿಟಕಿಯನ್ನು ಮುಚ್ಚಿ ಬೀದಿಯ ಕಡೆಗೆ ತೆರೆದರು. ಎರಡು ತಿಂಗಳ ನಮ್ಮ ಪರಿಶ್ರಮದಿಂದ ಆಗದೆ ಉಳಿದಿದ್ದುದು ಅವರ ಒಂದು ದಿನದ ಕೆಲಸದಿಂದ ಆಯಿತು.

ಸರ್ಕಾರದ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯನ್ನು ಹಾಕಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಕಾಲವನ್ನು ಅವು ರಾತ್ರಿಯೆಂದು ಎಣಿಸುತ್ತವೆ. ಆದರೆ ಹಗಲನ್ನೇ ರಾತ್ರಿ ಮಾಡಿಕೊಂಡ ದಾದಿಯರು, ಕಾವಲುಗಾರರು, ಚಾಲಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರ ನಿದ್ರೆಯನ್ನು ಗಡಿಯಾರದ ನಿಯಮ ಕಾಯಲಾರದು; ನೆರೆಯವರ ಅರಿವು ಕಾಯಬೇಕು.

ಆದುದರಿಂದ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಕೋಣೆಯನ್ನು ನಿಶ್ಶಬ್ದಗೊಳಿಸಬೇಕೆನ್ನುವವರು ಮೊದಲು ಸದ್ದು ಹುಟ್ಟುವ ಕಡೆಗೆ ಹೋಗಿ ವಿನಯದಿಂದ ಮಾತನಾಡಲಿ. ಆಮೇಲೆ ಸಂದಿಗಳನ್ನು ಮುಚ್ಚಲಿ. ಅನಂತರ ಬಾಗಿಲು ಕಿಟಕಿಗಳಿಗೆ ತೂಕ ಕೊಡಲಿ. ಕೈಯಲ್ಲಿ ಹಣವುಳಿದರೆ ಎರಡನೆಯ ಪದರವನ್ನು ಕಟ್ಟಲಿ. ನಾನು ಮಾಡಿದ್ದು ಇದನ್ನೆಲ್ಲ ತಲೆಕೆಳಗಾಗಿ. ಮೊಟ್ಟೆಯ ತಟ್ಟೆಗಳನ್ನು ಕಿತ್ತ ಗುರುತು ಗೋಡೆಯ ಮೇಲೆ ಇನ್ನೂ ಉಳಿದಿದೆ. ಬರುವ ದೀಪಾವಳಿಗೆ ಸುಣ್ಣ ಬಳಿಯಬೇಕೆಂದು ಅಜ್ಜಿ ಹೇಳುತ್ತಿದ್ದಾರೆ.